ಮಾಗಡಿ, ಚನ್ನಪಟ್ಟಣ, ಮೈಸೂರು: ನಮ್ಮ ಸೀಮೆಯ ಪಾಳೆಯಪಟ್ಟುಗಳ ಏಳುಬೀಳು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೂ ನಿವೃತ್ತ ಇತಿಹಾಸ ಶಿಕ್ಷಕರೂ ಆದವರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ‘ನಮ್ಮ ಸೀಮೆಯ ಇತಿಹಾಸ’ ಎಂಬ ವಿಷಯ ಕೊಟ್ಟಿದ್ದಾರೆ, ಜೊತೆಗೆ ಅರ್ಧ ಗಂಟೆ ಸಮಯ ಕೊಟ್ಟಿದ್ದಾರೆ. ಇತಿಹಾಸದ ಮೇಷ್ಟರ ಕೈಗೆ ಮೈಕು ಕೊಟ್ಟರೆ ಅರ್ಧ ಗಂಟೆಯಲ್ಲಿ ಮುಗಿಸುವುದು ಕಷ್ಟ ಎಂದು ಅವರಿಗೂ ಗೊತ್ತು. ಆದ್ದರಿಂದ ಸುಮಾರು ಇನ್ನೂರು ವರ್ಷಗಳ ಒಂದೇ ಕಥೆಯನ್ನು ಆರಿಸಿಕೊಂಡಿದ್ದೇನೆ. 1537ರಿಂದ 1728ರವರೆಗಿನ ಕಥೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ಈ ನಾಲ್ಕು ತಾಲ್ಲೂಕುಗಳು 2007ರಲ್ಲಿ ಒಂದು ಜಿಲ್ಲೆಯಾದವು. ಆದರೆ ಆ ಕಾಲದಲ್ಲಿ ಇವು ಒಂದೇ ಕಡೆ ಇರಲಿಲ್ಲ. ಮಾಗಡಿಯವರು ಒಂದು ಕಡೆ, ಚನ್ನಪಟ್ಟಣದವರು ಇನ್ನೊಂದು ಕಡೆ, ಇಬ್ಬರ ಮೇಲೂ ಕಣ್ಣಿಟ್ಟ ಮೈಸೂರಿನವರು ಮತ್ತೊಂದು ಕಡೆ. ನಮ್ಮ ಹೊಲಗಳ ನಡುವೆ ಗಡಿ ಹಾದುಹೋಗಿತ್ತು.

ಮೊದಲು ಪಾಳೆಯಗಾರರು ಎಂದರೆ ಯಾರು ಎಂದು ಮಕ್ಕಳಿಗೆ ಹೇಳಬೇಕು. ವಿಜಯನಗರದ ಅರಸರು ದೂರದ ಹಂಪಿಯಲ್ಲಿ ಕುಳಿತು ಇಷ್ಟು ದೊಡ್ಡ ನಾಡನ್ನು ತಾವೇ ನೋಡಿಕೊಳ್ಳಲು ಆಗುತ್ತಿರಲಿಲ್ಲ. ಅದಕ್ಕೆ ಆಯಾ ಸೀಮೆಯ ಬಲಿಷ್ಠ ಮನೆತನಕ್ಕೆ ಒಂದಿಷ್ಟು ಹೋಬಳಿಗಳನ್ನು ಬಿಟ್ಟುಕೊಡುತ್ತಿದ್ದರು. ಕಂದಾಯ ವಸೂಲಿ ಮಾಡುವುದು, ಒಂದು ಪಾಲನ್ನು ರಾಜಧಾನಿಗೆ ಕಳಿಸುವುದು, ಕರೆ ಬಂದಾಗ ಸೈನ್ಯ ಕಟ್ಟಿಕೊಂಡು ಹೋಗುವುದು ಆ ಮನೆತನದ ಕೆಲಸ. ಹೆಸರಿಗೆ ಸಾಮಂತ, ಊರಿನವರ ಪಾಲಿಗೆ ಅವನೇ ದೊರೆ.

ಯಲಹಂಕದ ನಾಡಪ್ರಭುಗಳು ಇಂಥದೊಂದು ಮನೆತನ. ಅವರಲ್ಲಿ ಹಿರಿಯ ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆ ಮತ್ತು ಪೇಟೆಗಳನ್ನು ಕಟ್ಟಿಸಿದರು. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಯಾಕೆ ಕಟ್ಟಿಸಿದರು ಎಂಬುದನ್ನು ಮಾತ್ರ ನಾವು ಅಷ್ಟಾಗಿ ಯೋಚಿಸುವುದಿಲ್ಲ.

ನಮ್ಮದು ಮಳೆ ನಂಬಿದ ಸೀಮೆ. ರಾಗಿ ಬೆಳೆಯುವ ಹೊಲದಿಂದ ಬರುವ ಕಂದಾಯ ಅಷ್ಟಕ್ಕಷ್ಟೆ. ಮಳೆ ಕೈಕೊಟ್ಟ ವರ್ಷ ಅದೂ ಇಲ್ಲ. ಕೆರೆ ಕಟ್ಟಿದರೆ ಅದರ ಕೆಳಗೆ ಗದ್ದೆಯಾಗುತ್ತದೆ, ಭತ್ತ ಬರುತ್ತದೆ, ಕಂದಾಯ ಏರುತ್ತದೆ. ಪೇಟೆ ಕಟ್ಟಿದರೆ ವ್ಯಾಪಾರಿಗಳು ಬರುತ್ತಾರೆ, ಎತ್ತಿನ ಮೇಲೆ ಹೇರು ಬರುತ್ತದೆ, ಹೇರಿಗೆ ಸುಂಕ ಬರುತ್ತದೆ. ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ ಎಂದು ಸರಕಿಗೊಂದು ಪೇಟೆ, ಕೆಂಪಾಂಬುಧಿ, ಧರ್ಮಾಂಬುಧಿ ಎಂಬ ಕೆರೆಗಳು. ಇವೆಲ್ಲ ಧರ್ಮಕಾರ್ಯವೂ ಹೌದು, ರಾಜ್ಯ ಕಟ್ಟುವ ಲೆಕ್ಕಾಚಾರವೂ ಹೌದು. ಅಚ್ಯುತರಾಯನು ಕೆಂಪೇಗೌಡರಿಗೆ 30,000 ವರಹ ಹುಟ್ಟುವಳಿಯ 12 ಹೋಬಳಿಗಳನ್ನು ಕೊಟ್ಟನೆಂದು ಹೇಳುತ್ತಾರೆ. ಹುಟ್ಟುವಳಿ ಹೆಚ್ಚಿಸುವುದನ್ನು ಬಲ್ಲವನ ಕೈಗೇ ಅರಸ ಇನ್ನಷ್ಟು ಭೂಮಿ ಕೊಡುತ್ತಾನೆ.

ಹಾಗೆ ಬೆಳೆದವನ ಮೇಲೆ ನೆರೆಯವರ ಕಣ್ಣು ಬೀಳುವುದೂ ಸಹಜ. ಕೆಂಪೇಗೌಡರು ಬೈರೇದೇವರ ಹೆಸರಿನಲ್ಲಿ ಸ್ವಂತ ನಾಣ್ಯ ಹಾಕಿಸಿದರು. ಸಾಮಂತನಾದವನು ಅಪ್ಪಣೆಯಿಲ್ಲದೆ ನಾಣ್ಯ ಹಾಕಿಸಿದರೆ ‘ನಾನೇ ಅರಸ’ ಎಂದ ಹಾಗೆ. ದೂರು ಹಂಪಿಗೆ ಹೋಯಿತು. ಅವರನ್ನು ಕರೆಸಿಕೊಂಡು ಆನೆಗೊಂದಿಯಲ್ಲಿ ಸೆರೆಯಲ್ಲಿಟ್ಟರು. ಸುಮಾರು ಐದು ವರ್ಷ ಸೆರೆವಾಸವಾಯಿತು. ಆಮೇಲೆ ಬಿಡುಗಡೆಯಾಗಿ, ಸೀಮೆಯೂ ಹಿಂದಿರುಗಿ ಬಂತು.

ದೂರು ಕೊಟ್ಟವನು ಚನ್ನಪಟ್ಟಣದ ಜಗದೇವರಾಯ ಎಂದು ನಮ್ಮ ಕಡೆಯ ಕಥೆ ಹೇಳುತ್ತದೆ. ಇಲ್ಲಿ ಇತಿಹಾಸದ ಮೇಷ್ಟರಾಗಿ ಒಂದು ಮಾತು ಹೇಳಲೇಬೇಕು. ಹಿರಿಯ ಕೆಂಪೇಗೌಡರು ತೀರಿಕೊಂಡದ್ದು 1569ರಲ್ಲಿ. ಜಗದೇವರಾಯನ ಮನೆತನ ಚನ್ನಪಟ್ಟಣದಲ್ಲಿ ನೆಲೆಯೂರಿದ್ದು ಅದಕ್ಕೂ ಈಚೆಗೆ, ಸುಮಾರು 1580ರ ಹೊತ್ತಿಗೆ. ಕಾಲ ಹೊಂದುವುದಿಲ್ಲ. ಹಾಗೆಂದು ಕಥೆ ಸುಳ್ಳು ಎಂದು ಎಸೆಯಬೇಕಾಗಿಲ್ಲ. ಮುಂದೆ ಮಾಗಡಿಗೂ ಚನ್ನಪಟ್ಟಣಕ್ಕೂ ಇದ್ದ ಪೈಪೋಟಿಯನ್ನು ಜನ ಹಿಂದಕ್ಕೆ ಎಳೆದು ಹಿರಿಯ ಕೆಂಪೇಗೌಡರ ಕಾಲಕ್ಕೆ ಜೋಡಿಸಿದ್ದಾರೆ. ಆ ಪೈಪೋಟಿ ಎಷ್ಟು ಆಳವಾಗಿತ್ತು ಎಂಬುದಕ್ಕೆ ಆ ಕಥೆಯೇ ಸಾಕ್ಷಿ.

ಮಕ್ಕಳೇ, ಇಂಥ ಕಥೆ ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಯೂರೋಪಿನ ಬಾಲ್ಕನ್ ಬೆಟ್ಟಗಳ ನಡುವೆ ಸರ್ಬಿಯಾ ಎಂಬ ದೇಶವಿದೆ. ಅಟ್ಲಾಸಿನಲ್ಲಿ ಗ್ರೀಸಿನಿಂದ ಉತ್ತರಕ್ಕೆ ನೋಡಿ. ಅಲ್ಲಿ ಹನ್ನೆರಡನೆಯ ಶತಮಾನದಲ್ಲಿ ಸ್ಟೆಫಾನ್ ನೆಮಾನ್ಯ ಎಂಬ ನಾಯಕನಿದ್ದ. ಅವನ ಮೇಲೆ ಬೈಜಾಂಟಿಯಂ ಸಾಮ್ರಾಜ್ಯ, ಅಂದರೆ ಕಾನ್‌ಸ್ಟಾಂಟಿನೋಪಲ್ಲಿನ ಚಕ್ರವರ್ತಿ. ನೆಮಾನ್ಯ ತಲೆ ಎತ್ತಿದ. 1172ರಲ್ಲಿ ಸೋತು, ಬರಿಗಾಲಲ್ಲಿ, ಕೊರಳಿಗೆ ಹಗ್ಗ ಕಟ್ಟಿಕೊಂಡು ಚಕ್ರವರ್ತಿ ಮ್ಯಾನುಯಲ್‌ನ ಮುಂದೆ ನಿಂತು ಶರಣಾದ. ಅವನನ್ನು ರಾಜಧಾನಿಗೆ ಒಯ್ದು ವಿಜಯದ ಮೆರವಣಿಗೆಯಲ್ಲಿ ತೋರಿಸಿದರು. ಆಮೇಲೆ ಸಾಮಂತನಾಗಿ ಊರಿಗೆ ಮರಳಿದ. 1180ರಲ್ಲಿ ಮ್ಯಾನುಯಲ್ ತೀರಿಕೊಂಡು ಸಾಮ್ರಾಜ್ಯದ ಹಿಡಿತ ಸಡಿಲವಾಯಿತು. ನೆಮಾನ್ಯ ಸುತ್ತಲ ಸೀಮೆಗಳನ್ನು ಗೆದ್ದುಕೊಂಡ. 1217ರಲ್ಲಿ ಅವನ ಮಗ ಕಿರೀಟ ಧರಿಸಿದ. ಆನೆಗೊಂದಿಯ ಸೆರೆಮನೆ ನೆನಪಾಗುವುದಿಲ್ಲವೇ? ನಾಣ್ಯದ ಜಗಳ ಕೂಡ ಅಲ್ಲಿ ಉಂಟು. ಸರ್ಬಿಯಾದ ಅರಸರು ವೆನಿಸ್ ನಗರದ ಬೆಳ್ಳಿ ನಾಣ್ಯವನ್ನೇ ಹೋಲುವ ನಾಣ್ಯ ಹಾಕಿಸಿದರೆಂದು ವೆನಿಸ್‌ನವರು ಸಿಟ್ಟಾದರು. ಇಟಲಿಯ ಮಹಾಕವಿ ಡಾಂಟೆ ತನ್ನ ಕಾವ್ಯದಲ್ಲಿ ಆ ಅರಸನನ್ನು ಆಕ್ಷೇಪಿಸಿದ್ದಾನೆ.

ಈ ಎರಡು ಕಥೆಗಳಿಂದ ತಿಳಿಯುವುದು ಒಂದೇ. ದೊಡ್ಡ ಮರ ಗಟ್ಟಿಯಾಗಿ ನಿಂತಿರುವವರೆಗೆ ಅದರ ಕೆಳಗಿನ ಗಿಡ ಒಂದು ಅಳತೆಗೆ ಬೆಳೆಯುತ್ತದೆ. ಮರ ಉರುಳಿದ ದಿನ ಎಲ್ಲ ಗಿಡಗಳಿಗೂ ಒಟ್ಟಿಗೆ ಬಿಸಿಲು ಬೀಳುತ್ತದೆ. ಆಗ ಗಿಡಗಳ ನಡುವೆಯೇ ಪೈಪೋಟಿ ಶುರುವಾಗುತ್ತದೆ.

ನಮ್ಮಲ್ಲಿ ಮರ ಉರುಳಿದ್ದು 1565ರಲ್ಲಿ. ರಕ್ಕಸಗಿ–ತಂಗಡಗಿ ಯುದ್ಧದಲ್ಲಿ ವಿಜಯನಗರ ಸೋತು, ರಾಜಧಾನಿ ಪೆನುಕೊಂಡೆಗೆ ಹೋಯಿತು. ಬಿಜಾಪುರದ ಸೈನ್ಯ ಅಲ್ಲಿಗೂ ಬಂದಾಗ ಕೋಟೆಯನ್ನು ಕಾಪಾಡಿದವನು ಜಗದೇವರಾಯ. ಆ ಪರಾಕ್ರಮಕ್ಕೆ ಉಡುಗೊರೆಯಾಗಿ ಬಾರಾಮಹಲ್ ಮತ್ತು ಈ ಕಡೆಯ ಸೀಮೆ ಸಿಕ್ಕಿತು. ಅವನು ಚನ್ನಪಟ್ಟಣವನ್ನು ರಾಜಧಾನಿ ಮಾಡಿಕೊಂಡ. ಕನಕಪುರದ, ಅಂದರೆ ಹಳೆಯ ಕಾನಕಾನಹಳ್ಳಿಯ ಕೋಟೆಯೂ ಅವನು ಕಟ್ಟಿಸಿದ್ದೇ. ಹಾಗಾಗಿ ನಮ್ಮ ಜಿಲ್ಲೆಯ ದಕ್ಷಿಣ ಭಾಗ ಜಗದೇವರಾಯನದು, ಉತ್ತರ ಭಾಗ ಕೆಂಪೇಗೌಡರದು ಎನ್ನುವಂತಾಯಿತು. ಇಂದು ಚನ್ನಪಟ್ಟಣ ಎಂದ ಕೂಡಲೇ ಗೊಂಬೆ ನೆನಪಾಗುತ್ತದೆ. ಒಂದು ಕಾಲಕ್ಕೆ ಅದು ಪೆನುಕೊಂಡೆಯನ್ನು ಉಳಿಸಿದ ಮನೆತನದ ರಾಜಧಾನಿಯಾಗಿತ್ತು ಎಂಬುದು ಮರೆತೇ ಹೋಗಿದೆ.

ಮೂರನೆಯವರು ಮೈಸೂರಿನ ಒಡೆಯರು. ಅವರೂ ಆರಂಭದಲ್ಲಿ ಕೆಲವೇ ಹಳ್ಳಿಗಳ ಪಾಳೆಯಗಾರರು. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯ ಕೈಯಿಂದ ಶ್ರೀರಂಗಪಟ್ಟಣವನ್ನು ತೆಗೆದುಕೊಂಡರು. ನಾಲ್ಕೂ ಕಡೆ ಕಾವೇರಿ ನೀರು, ನಡುವೆ ಕೋಟೆ. ಅಲ್ಲಿ ಕುಳಿತವನನ್ನು ಅಲುಗಾಡಿಸುವುದು ಸುಲಭವಲ್ಲ. ಅದೇ ವರ್ಷ ದಸರಾ ಶುರುವಾಯಿತು. ಇಪ್ಪತ್ತು ವರ್ಷದಲ್ಲಿ, 1630ರಲ್ಲಿ, ಚಾಮರಾಜ ಒಡೆಯರು ಚನ್ನಪಟ್ಟಣವನ್ನು ಗೆದ್ದರು. ಜಗದೇವರಾಯನ ಮನೆತನದ ಆಳ್ವಿಕೆ ಸುಮಾರು ಐವತ್ತೇ ವರ್ಷಕ್ಕೆ ಮುಗಿಯಿತು.

ಎಂಟು ವರ್ಷದ ನಂತರ ಏಟು ಬಿದ್ದದ್ದು ಕೆಂಪೇಗೌಡರ ಮನೆತನಕ್ಕೆ. 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್, ಜೊತೆಯಲ್ಲಿ ಶಿವಾಜಿಯ ತಂದೆ ಷಹಾಜಿ, ಬೆಂಗಳೂರಿಗೆ ಮುತ್ತಿಗೆ ಹಾಕಿದರು. ಬೆಂಗಳೂರು ಕೈಬಿಟ್ಟಿತು. ಅದು ಷಹಾಜಿಯ ಜಹಗೀರಾಯಿತು. ಒಂದು ನೂರು ವರ್ಷ ತಾವೇ ಕಟ್ಟಿ ಬೆಳೆಸಿದ ಊರನ್ನು ಬಿಟ್ಟು ಆ ಮನೆತನ ಮಾಗಡಿಗೆ ಬಂತು. ‘ಮಾಗಡಿ ಕೆಂಪೇಗೌಡ’ ಎಂಬ ಹೆಸರು ಗಟ್ಟಿಯಾದದ್ದು ಆ ಸೋಲಿನ ನಂತರ. ಮರುವರ್ಷ ಇದೇ ರಣದುಲ್ಲಾ ಖಾನ್ ಶ್ರೀರಂಗಪಟ್ಟಣದ ಮೇಲೂ ಹೋದ. ಅಲ್ಲಿ ಕಂಠೀರವ ನರಸರಾಜ ಒಡೆಯರು ಅವನನ್ನು ಹಿಮ್ಮೆಟ್ಟಿಸಿದರು. ಒಂದೇ ಸೈನ್ಯದ ಎದುರು ಒಬ್ಬರು ಸೋತರು, ಒಬ್ಬರು ಉಳಿದರು. ಮುಂದಿನ ನೂರು ವರ್ಷದ ಹಾದಿ ಅಲ್ಲಿಯೇ ಕವಲೊಡೆಯಿತು ಎನ್ನಬಹುದು.

ಮಾಗಡಿಗೆ ಯಾಕೆ ಬಂದರು? ಉತ್ತರ ನಮ್ಮ ಕಣ್ಣೆದುರಿಗೇ ಇದೆ. ಸಾವನದುರ್ಗ. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ತಲೆಯ ಬಂಡೆ, ಸಮುದ್ರಮಟ್ಟದಿಂದ ಸುಮಾರು 1,226 ಮೀಟರ್ ಎತ್ತರ. ಕುದುರೆ ಹತ್ತದ ಜಾರುಬಂಡೆ, ಮೇಲೆ ಮಳೆನೀರು ನಿಲ್ಲುವ ದೊಣೆಗಳು, ಸುತ್ತ ದಾರಿ ಕಾಣದ ಬಿದಿರು ಮೆಳೆ. ಫಿರಂಗಿ ಎಳೆದು ತರುವುದಿರಲಿ, ಮನುಷ್ಯರು ಹತ್ತಿರ ಬರುವುದೇ ಕಷ್ಟ. ಜೊತೆಗೆ ಭೈರವನದುರ್ಗ, ಹುತ್ರಿದುರ್ಗ, ಹುಲಿಯೂರುದುರ್ಗ. ಒಂದು ಬೆಟ್ಟದಿಂದ ಇನ್ನೊಂದು ಕಾಣುತ್ತದೆ. ಬಯಲಿನ ಬೆಂಗಳೂರು ವ್ಯಾಪಾರಕ್ಕೆ ಹೇಳಿ ಮಾಡಿಸಿದ ಜಾಗ, ಮಾಗಡಿ ಉಳಿದುಕೊಳ್ಳುವುದಕ್ಕೆ ಹೇಳಿ ಮಾಡಿಸಿದ ಜಾಗ.

ಉಳಿದುಕೊಂಡರು ಕೂಡ, ಬರೋಬ್ಬರಿ ತೊಂಬತ್ತು ವರ್ಷ. ಸುಮ್ಮನೆ ಕುಳಿತು ಉಳಿದದ್ದಲ್ಲ. ಮಾಗಡಿಯ ಸೋಮೇಶ್ವರ ದೇವಾಲಯ, ಊರಿನ ಕೋಟೆ, ಕೆಂಪಸಾಗರ ಕೆರೆ ಈ ಮನೆತನದ ಕೆಲಸಗಳು. ಬೆಂಗಳೂರಿನಲ್ಲಿ ಕಲಿತ ಪಾಠವನ್ನೇ ಮಾಗಡಿಯಲ್ಲೂ ಮಾಡಿದರು. 2015ರಲ್ಲಿ ನಮ್ಮ ತಾಲ್ಲೂಕಿನ ಕೆಂಪಾಪುರದಲ್ಲಿ ಕೆಂಪೇಗೌಡರ ಸಮಾಧಿ ಬೆಳಕಿಗೆ ಬಂದದ್ದು ನಿಮಗೆಲ್ಲ ನೆನಪಿರಬಹುದು. ಕುಣಿಗಲ್ ಕಡೆಗೆ ಹೋಗಿ, ಜಗಳದಲ್ಲಿ ಗೆದ್ದು, ಹಿಂದಿರುಗುವಾಗ ಆ ಜಾಗದಲ್ಲಿ ಐಕ್ಯರಾದರು ಎಂದು ಅಲ್ಲಿನ ಬರಹ ತಿಳಿಸುತ್ತದೆ. ಎಷ್ಟೋ ಪೀಳಿಗೆ ದಿನವೂ ಅದರ ಪಕ್ಕದಲ್ಲೇ ಓಡಾಡಿದೆ. ಓದುವವರು ಬಂದಾಗ ಕಲ್ಲು ಮಾತಾಡಿತು.

ಅಷ್ಟರಲ್ಲಿ ಸುತ್ತಲಿನ ನಕಾಶೆ ಬದಲಾಗುತ್ತಿತ್ತು. ದಕ್ಷಿಣದ ಚನ್ನಪಟ್ಟಣ ಆಗಲೇ ಮೈಸೂರಿನದು. 1687ರಲ್ಲಿ ಮೊಗಲರು ಬೆಂಗಳೂರನ್ನು ತೆಗೆದುಕೊಂಡಾಗ ಚಿಕ್ಕದೇವರಾಜ ಒಡೆಯರು ಮೂರು ಲಕ್ಷ ರೂಪಾಯಿ ಕೊಟ್ಟು ಅದನ್ನು ಪಡೆದುಕೊಂಡರು. ಕತ್ತಿಯಿಂದ ಆಗದ್ದನ್ನು ಖಜಾನೆಯಿಂದ ಮಾಡಿದರು. ಹೀಗೆ ಪೂರ್ವದಲ್ಲೂ ಮೈಸೂರು, ದಕ್ಷಿಣದಲ್ಲೂ ಮೈಸೂರು. ನಡುವೆ ಮಾಗಡಿ ಒಂದು ದ್ವೀಪದ ಹಾಗೆ ಉಳಿಯಿತು. ವ್ಯಾಪಾರದ ದಾರಿಗಳು ಕೈತಪ್ಪಿದವು. ದುರ್ಗ ಗಟ್ಟಿಯಾಗಿತ್ತು, ಆದರೆ ದುರ್ಗವನ್ನು ಸಾಕುವ ಸೀಮೆ ಬೆಳೆಯಲು ಜಾಗವಿರಲಿಲ್ಲ.

1728ರಲ್ಲಿ ದೊಡ್ಡ ಕೃಷ್ಣರಾಜ ಒಡೆಯರ ಕಾಲದಲ್ಲಿ ದಳವಾಯಿ ದೇವರಾಜಯ್ಯ ಮಾಗಡಿಯ ಮೇಲೆ ಬಂದ. ಮಾಗಡಿಯ ಕಡೆ ವೀರಭದ್ರನಾಯಕ ಸೇನೆ ನಡೆಸುತ್ತಿದ್ದ. ಮಾಗಡಿ ಬಿತ್ತು, ಸಾವನದುರ್ಗವೂ ಬಿತ್ತು. ಮನೆತನದ ಕೊನೆಯ ಪ್ರಭುವನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು. ಅಲ್ಲಿಯ ಸೆರೆಯಲ್ಲೇ ಅವರು ತೀರಿಕೊಂಡರು. ಹಿರಿಯರು ಆನೆಗೊಂದಿಯ ಸೆರೆಯಿಂದ ಹಿಂದಿರುಗಿ ಬಂದಿದ್ದರು, ಕೊನೆಯವರು ಹಿಂದಿರುಗಲಿಲ್ಲ. ಮುಂದೆ 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಕೈಯಿಂದ ಇದೇ ಸಾವನದುರ್ಗವನ್ನು, ಬೆನ್ನಿಗೇ ರಾಮಗಿರಿಯನ್ನೂ ಕಿತ್ತುಕೊಂಡಿತು. ಯಾರಿಗೂ ಮಣಿಯದ ದುರ್ಗ ಎಂಬುದು ಲೋಕದಲ್ಲಿ ಇಲ್ಲ. ರಾಮನಗರಕ್ಕೆ ಕ್ಲೋಸ್‌ಪೇಟೆ ಎಂಬ ಹೆಸರು ಬಂದದ್ದು ಟಿಪ್ಪುವಿನ ಪತನದ ನಂತರ, ಮೈಸೂರಿನ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನಿಂದ. ಅದು ಬೇರೆಯೇ ಕಥೆ, ಇಲ್ಲಿಗೆ ಬಿಡುತ್ತೇನೆ.

ನಾನು ಪಾಠ ಮಾಡುತ್ತಿದ್ದ ದಿನಗಳಲ್ಲಿ ಈ ಕಥೆ ಮುಗಿಸಿದಾಗ ಒಬ್ಬ ಹುಡುಗ ಎದ್ದು ನಿಂತು ಕೇಳಿದ್ದ: “ಸಾರ್, ಹಾಗಾದರೆ ನಾವು ಯಾರ ಕಡೆ? ಕೆಂಪೇಗೌಡರ ಕಡೆಯೋ, ಮೈಸೂರು ಮಹಾರಾಜರ ಕಡೆಯೋ?” ಅವನ ತಂದೆಯ ಊರು ಮಾಗಡಿ ಕಡೆ, ತಾಯಿಯ ತವರು ಚನ್ನಪಟ್ಟಣದ ಕಡೆ. ತರಗತಿಯೆಲ್ಲ ನಕ್ಕಿತು. ಪ್ರಶ್ನೆ ನಗುವಂಥದ್ದಲ್ಲ. ಈ ಭಾಷಣಕ್ಕೆ ಒಪ್ಪಿಕೊಳ್ಳುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದೂ ಅದೇ ಪ್ರಶ್ನೆ.

ಯಾಕೆಂದರೆ ಕಡೆ ಹಿಡಿದು ಇತಿಹಾಸ ಓದಿದರೆ ಏನಾಗುತ್ತದೆ ಎಂಬುದಕ್ಕೆ ಮತ್ತೆ ಸರ್ಬಿಯಾದ ಕಡೆಗೆ ನೋಡಬೇಕು. ನೆಮಾನ್ಯನ ಮನೆತನದ ಸ್ಟೆಫಾನ್ ದುಶಾನ್ 1346ರಲ್ಲಿ ಚಕ್ರವರ್ತಿ ಎಂದೇ ಕರೆಸಿಕೊಂಡ. 1355ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಸಾಮಂತರೇ ರಾಜ್ಯವನ್ನು ಹಂಚಿಕೊಂಡರು. 1389ರಲ್ಲಿ ಕೊಸೊವೊ ಬಯಲಿನಲ್ಲಿ ಆಟೊಮನ್ ತುರ್ಕರ ಎದುರು ದೊಡ್ಡ ಕಾಳಗ ನಡೆಯಿತು. 1459ರ ಹೊತ್ತಿಗೆ ಆ ರಾಜ್ಯ ಕಣ್ಮರೆಯಾಯಿತು. ರಾಜ್ಯ ಹೋಯಿತು, ಕೊಸೊವೊದ ನೆನಪು ಹಾಡುಗಳಲ್ಲಿ ಉಳಿಯಿತು. ಹಾಡಾಗಿ ಉಳಿದಿದ್ದರೆ ಚೆನ್ನಾಗಿತ್ತು. 1989ರಲ್ಲಿ, ಆ ಕಾಳಗಕ್ಕೆ ಆರುನೂರು ವರ್ಷ ತುಂಬಿದಾಗ, ಅದೇ ಬಯಲಿನಲ್ಲಿ ರಾಜಕೀಯ ನಾಯಕ ಮಿಲೊಸೆವಿಚ್ ಭಾರಿ ಜನಸಾಗರದ ಮುಂದೆ ಭಾಷಣ ಮಾಡಿದ. ಹಳೆಯ ಸೋಲನ್ನು ಹೊಸ ಸಿಟ್ಟಿಗೆ ಸೌದೆ ಮಾಡಿದರು. ಮುಂದಿನ ಹತ್ತು ವರ್ಷದಲ್ಲಿ ಯುಗೊಸ್ಲಾವಿಯಾ ಒಡೆದು, ಅಕ್ಕಪಕ್ಕದ ಮನೆಯವರೇ ಒಬ್ಬರನ್ನೊಬ್ಬರು ಕೊಂದರು.

ನಮ್ಮ ಸೀಮೆಯಲ್ಲಿ ಹಾಗಾಗಲಿಲ್ಲ. 1728ರ ಸೋಲಿಗಾಗಿ ಮಾಗಡಿಯವರು ಮೈಸೂರಿನವರ ಮೇಲೆ ಹಗೆ ಸಾಧಿಸಲಿಲ್ಲ. ಮಾಗಡಿ ಗೆದ್ದ ಮನೆತನದ ದಸರಾ ನೋಡಲು ನಾವೇ ಬಸ್ಸು ಮಾಡಿಕೊಂಡು ಹೋಗುತ್ತೇವೆ. ಮಾಗಡಿಯವರು ಚನ್ನಪಟ್ಟಣದಿಂದ ಹೆಣ್ಣು ತರುತ್ತೇವೆ, ಕನಕಪುರಕ್ಕೆ ಕೊಡುತ್ತೇವೆ, ರಾಮನಗರದ ಮಾರುಕಟ್ಟೆಯಲ್ಲಿ ಎಲ್ಲರೂ ಒಟ್ಟಿಗೆ ನಿಂತು ರೇಷ್ಮೆಗೂಡು ಮಾರುತ್ತೇವೆ. ಗಡಿ ಇದ್ದ ಕಡೆ ನೆಂಟಸ್ತನ ಬೆಳೆದಿದೆ. ಇದನ್ನು ಯಾವ ದೊರೆಯೂ ಮಾಡಲಿಲ್ಲ, ಊರಿನ ಜನ ಮಾಡಿದರು. ಇದು ಸಣ್ಣ ಸಾಧನೆಯಲ್ಲ. ಆದರೆ ತನ್ನಷ್ಟಕ್ಕೆ ಉಳಿದುಕೊಳ್ಳುವ ಸಾಧನೆಯೂ ಅಲ್ಲ. ಇತ್ತೀಚೆಗೆ ಪ್ರತಿಯೊಬ್ಬ ಹಿರಿಯರನ್ನೂ ಒಂದೊಂದು ಜಾತಿಯವರು, ಒಂದೊಂದು ಪಕ್ಷದವರು ತಮ್ಮ ಕಡೆಗೆ ಎಳೆದುಕೊಳ್ಳುವುದನ್ನು ನೋಡುತ್ತಿದ್ದೇವೆ. ಪೇಟೆಗಳನ್ನು ಕಟ್ಟುವಾಗ ಎಲ್ಲ ಕಸುಬಿನವರಿಗೂ ಜಾಗ ಕೊಟ್ಟ ಕೆಂಪೇಗೌಡರನ್ನು ಒಂದು ಬೀದಿಗೆ ಕಟ್ಟಿಹಾಕಿದರೆ ಅವರಿಗೆ ಎರಡನೆಯ ಆನೆಗೊಂದಿ ತೋರಿಸಿದಂತೆ.

ಹಾಗಾಗಿ ಆ ಹುಡುಗನಿಗೆ ನಾನು ಕೊಟ್ಟ ಉತ್ತರವನ್ನೇ ನಿಮ್ಮ ಮುಂದೆಯೂ ಇಡುತ್ತೇನೆ: “ನೀನು ಕೆರೆಯ ಕಡೆ ನಿಲ್ಲು, ಮಗು.” ಮೂರು ಮನೆತನಗಳೂ ಹೋದವು. ಕೋಟೆಗಳ ಕಲ್ಲು ಉದುರಿತು. ಕೆರೆಯಲ್ಲಿ ಮಾತ್ರ ಇಂದಿಗೂ ನೀರು ನಿಲ್ಲುತ್ತದೆ, ಪೇಟೆಯಲ್ಲಿ ಇಂದಿಗೂ ವ್ಯಾಪಾರ ನಡೆಯುತ್ತದೆ. ಕೋಟೆಯನ್ನು ಗೆದ್ದವನು ಅದರ ಬಾಗಿಲು ಒಡೆದ, ಕೆರೆಯ ಏರಿಯನ್ನು ಉಳಿಸಿಕೊಂಡ. ಕೆರೆ ಯಾರದಾದರೂ ನೀರು ಎಲ್ಲರದು. ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕನವರು ಸಾಕಿದ ಆಲದ ಮರಗಳ ನೆರಳಿನಲ್ಲಿ ಬಸ್ಸಿಗೆ ಕಾಯುವವನು ಯಾವ ಪಾಳೆಯಪಟ್ಟಿನವನು ಎಂದು ಮರ ಕೇಳುವುದಿಲ್ಲ.

ಕೊನೆಯದಾಗಿ ಶಾಲೆಗೆ, ಹಳೆಯ ವಿದ್ಯಾರ್ಥಿ ಸಂಘಕ್ಕೆ ಮೂರು ಕೋರಿಕೆಗಳು.

ಒಂದು, ಲೂಯಿಸ್ ರೈಸ್ ಅವರು 1905ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ ಮಾಗಡಿ, ಚನ್ನಪಟ್ಟಣ, ಕಾನಕಾನಹಳ್ಳಿ ತಾಲ್ಲೂಕುಗಳ ಶಾಸನಗಳಿವೆ. ಅದರ ಒಂದು ಪ್ರತಿ ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಇರಲಿ. ಮಕ್ಕಳು ತಮ್ಮ ಊರಿನ ಹೆಸರನ್ನು ಅದರಲ್ಲಿ ಹುಡುಕಲಿ.

ಎರಡು, ಪ್ರತಿ ವರ್ಷ ಒಂಬತ್ತನೆಯ ತರಗತಿಯವರು ಒಂದು ಕೆರೆಗೆ, ಒಂದು ವೀರಗಲ್ಲಿಗೆ ಅಥವಾ ಒಂದು ಕೋಟೆಗೆ ಹೋಗಿ, ಅಳತೆ ಮಾಡಿ, ಚಿತ್ರ ಬರೆದು, ಹಿರಿಯರ ಬಾಯಿಂದ ಕೇಳಿದ್ದನ್ನು ಬರೆದಿಡಲಿ. ಕೇಳಿದ ಕಥೆ ಬೇರೆ, ಕಲ್ಲಿನಲ್ಲಿ ಇರುವುದು ಬೇರೆ ಎಂದು ಎರಡು ಕಾಲಂ ಮಾಡಲಿ. ಜಗದೇವರಾಯನ ದೂರಿನ ಕಥೆಯನ್ನು ಹಾಗೆಯೇ ನೋಡಿದೆವಲ್ಲ, ಆ ಅಭ್ಯಾಸ ಬೆಳೆಯಲಿ.

ಮೂರು, ಇದು ಊರಿನ ಹಿರಿಯರಿಗೆ. ನಮ್ಮ ಕೆರೆಯ ಅಂಚಿನಲ್ಲಿ ಬೇಲಿ ವರ್ಷ ವರ್ಷಕ್ಕೂ ಒಳಗೆ ಸರಿಯುತ್ತಿದೆ. ಯಾರದು ಎಂದು ಇಲ್ಲಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ಕೆಂಪೇಗೌಡರ ಜಯಂತಿಯ ದಿನ ಹೂವಿನ ಹಾರ ಹಾಕುವವರು ಮೊದಲು ಆ ಬೇಲಿಯನ್ನು ಹಿಂದಕ್ಕೆ ಸರಿಸಲಿ. ಆಮೇಲೆ ಹಾಕಿದ ಹಾರಕ್ಕೆ ಅರ್ಥ ಬರುತ್ತದೆ.

ಐವತ್ತು ವರ್ಷ ಒಂದು ಸರ್ಕಾರಿ ಶಾಲೆ ಈ ಊರಿನ ಎಲ್ಲ ಕೇರಿಯ ಮಕ್ಕಳನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದೆ. ಇದೂ ಕೆರೆ ಕಟ್ಟಿದಂಥ ಕೆಲಸವೇ. ಹೂಳು ತುಂಬದಂತೆ ನೋಡಿಕೊಳ್ಳುವುದು ಇನ್ನು ನಮ್ಮ ನಿಮ್ಮೆಲ್ಲರ ಹೊಣೆ.